ಸೂಟ್‌ಕೇಸ್ ಪಟ್ಟಿಗೊಂದು ವ್ಯಾಖ್ಯಾನ

ರಜೆಗೆ ಬಂದ ಮಗಳು ಬಸವಾಪಟ್ಟಣದಿಂದ ಮತ್ತೆ ದುಬೈಗೆ ಹೊರಟರೆ, ತಾಯಿ ಇಂಥದೊಂದು ಪಟ್ಟಿ ಬರೆಯದೆ ಇರುವುದಿಲ್ಲ. 2023ರ ಆಗಸ್ಟ್ 31ರಿಂದ ಶಿವಮೊಗ್ಗದ ಸೋಗಾನೆಯಲ್ಲೇ ಬೆಂಗಳೂರಿನ ವಿಮಾನ ಹತ್ತಬಹುದು. ಹೀಗಾಗಿ ಪಟ್ಟಿಯ ಪರೀಕ್ಷೆ ಈಗ ಊರ ಹತ್ತಿರವೇ ಆಗುತ್ತದೆ. ಮೂಲ ತಾಯಿಯದು, ಟೀಕೆ ನನ್ನದು.

“ಕೊಬ್ಬರಿ ಎರಡು ಕೆ.ಜಿ., ದೊಡ್ಡ ಸೂಟ್‌ಕೇಸಿಗೆ.”

ಮೊದಲ ಸಾಲಿಗೇ ಕತ್ತರಿ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಯ ಸಂಖ್ಯೆ 1363, ವರ್ಗ 4.2, ಅಂದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದ್ದು. ತಿಪಟೂರು ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದಿರುತ್ತದಲ್ಲ, ಯಾವ ಅಟ್ಟ ಹೊತ್ತಿತು ಎಂದು ತಾಯಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅಟ್ಟದಲ್ಲಿ ಗಾಳಿಯಾಡುತ್ತದೆ, ಹುಟ್ಟಿದ ಶಾಖ ಹೊರಟುಹೋಗುತ್ತದೆ. ಅರೆ ಒಣಗಿದ ಕೊಬ್ಬರಿಯನ್ನು ರಾಶಿ ಹಾಕಿ ಮುಚ್ಚಿಟ್ಟರೆ ತೇವಕ್ಕೆ ಬೂಸ್ಟು ಬೆಳೆಯುತ್ತದೆ, ಎಣ್ಣೆ ಆಮ್ಲಜನಕದೊಂದಿಗೆ ಸೇರುತ್ತದೆ, ಶಾಖ ಒಳಗೇ ಕೂಡುತ್ತ ಹೋಗುತ್ತದೆ. ಎರಡು ಕೆ.ಜಿ.ಗೆ ಆ ಗತಿ ಬರುವ ಸಂಭವ ತೀರ ಕಡಿಮೆ, ಒಪ್ಪುತ್ತೇನೆ. ಆದರೆ ಕೌಂಟರಿನವರ ಹತ್ತಿರ ತೇವ ಅಳೆಯುವ ಸಾಧನವಿಲ್ಲ, ಉಳಿದವರ ಸೂಟ್‌ಕೇಸುಗಳಲ್ಲಿ ಎಷ್ಟು ಕೊಬ್ಬರಿ ಇದೆಯೋ ಅದರ ಲೆಕ್ಕವೂ ಇಲ್ಲ. ಅಪಾಯ ತೂಗುವವರು ‘ಆದೀತೇ’ ಎಂದಷ್ಟೇ ಕೇಳುವುದಿಲ್ಲ, ‘ಆದರೆ ಗತಿಯೇನು’ ಎಂದೂ ಕೇಳುತ್ತಾರೆ. ಲಾರಿಯಾದರೆ ರಸ್ತೆಬದಿಗೆ ನಿಲ್ಲಿಸಿ ಇಳಿದು ಓಡಬಹುದು. 2022ರಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಚೆಕ್-ಇನ್ ಸಾಮಾನಿನ ನಿಷೇಧಕ್ಕೆ ಕೊಬ್ಬರಿಯನ್ನು ಸೇರಿಸಿದ್ದು ಈ ಎರಡನೆಯ ಪ್ರಶ್ನೆಗೆ ಹೆದರಿ.

“ತೆಂಗಿನಕಾಯಿ ಎರಡು.”

ಇಡೀ ಕಾಯಿಯ ಮಾತೇ ಬೇರೆ. ಅದನ್ನು ಕೈಚೀಲದಲ್ಲಿ ಒಯ್ಯಲು ಇದ್ದ ಅಡ್ಡಿ ಭದ್ರತೆಯದು, ಬೆಂಕಿಯದಲ್ಲ. ಶಬರಿಮಲೆ ಯಾತ್ರಿಕರ ಇರುಮುಡಿಗೆಂದು 2025ರ ಜನವರಿ 20ರವರೆಗೆ ಅದನ್ನು ಸಡಿಲಿಸಿದ್ದೂ ಉಂಟು.

“ಕರ್ಪೂರ, ಬೆಂಕಿಪೊಟ್ಟಣ.”

ಎರಡೂ ಬೇಡ. ದೇವರು ಅಲ್ಲಿ ಎಣ್ಣೆದೀಪಕ್ಕೂ ಒಲಿಯುತ್ತಾನೆ.

“ಪವರ್ ಬ್ಯಾಂಕ್ ಬಟ್ಟೆಯಲ್ಲಿ ಸುತ್ತಿ ತಳಕ್ಕೆ.”

ಕಾಳಜಿಯ ಮಾತು, ಆದರೆ ಪೂರ್ತಿ ತಲೆಕೆಳಗು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿಯ ಒಂದು ಕೋಶ ಕೆಟ್ಟು ಕಾದರೆ ಪಕ್ಕದ ಕೋಶವನ್ನೂ ಕಾಯಿಸುತ್ತದೆ. ವಿಮಾನದ ಹೊಟ್ಟೆಯಲ್ಲಿರುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ತಗ್ಗಿಸೀತು, ಈ ಶಾಖದ ಸರಪಳಿಯನ್ನು ಕಡಿಯಲಾರದು. ಮೇಲೆ ಸೀಟಿನ ಬಳಿಯಾದರೆ ಯಾರಾದರೂ ನೋಡುತ್ತಾರೆ, ನೀರು ಸುರಿದು ತಣಿಸುತ್ತಾರೆ. 2010ರ ಸೆಪ್ಟೆಂಬರ್ 3ರಂದು ಇದೇ ದುಬೈಯಲ್ಲಿ ಲಿಥಿಯಂ ಬ್ಯಾಟರಿಗಳನ್ನು ಹೊತ್ತಿದ್ದ ಸರಕು ವಿಮಾನಕ್ಕೆ ಬೆಂಕಿ ಬಿದ್ದು ಇಬ್ಬರೂ ಪೈಲಟ್‌ಗಳು ಸತ್ತರು. ಬರೀ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದು 2016ರ ಏಪ್ರಿಲ್‌ನಿಂದ ನಿಂತಿದೆ.

ಎಷ್ಟು ದೊಡ್ಡದಕ್ಕೆ ಅವಕಾಶ? 100 ವ್ಯಾಟ್-ಅವರ್‌ವರೆಗೆ ಕೇಳುವವರಿಲ್ಲ, 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಆಚೆಗೆ ಇಲ್ಲ. 20,000 ಎಂಎಎಚ್ ಎಂದು ಬರೆದಿದ್ದರೆ 20ನ್ನು 3.7ರಿಂದ ಗುಣಿಸಿ: 74. ಸಲೀಸು. ಚನ್ನಗಿರಿ ಸೀಮೆಯ ತೋಟದವರು ಔಷಧಿ ಹೊಡೆಯುವ ಡ್ರೋನಿನ ಬ್ಯಾಟರಿಯನ್ನು ರಿಪೇರಿಗೆಂದು ಹೀಗೆ ಒಯ್ಯಲು ನೋಡಿದರೆ ಮಾತ್ರ ಕಷ್ಟ: 22.2 ವೋಲ್ಟಿನ 16,000 ಎಂಎಎಚ್ ಬ್ಯಾಟರಿಯೇ 355 ಆಗುತ್ತದೆ.

“ಉಳಿದದ್ದು ಅಣ್ಣ ತುಂಬ್ತಾನೆ.”

ಇಡೀ ಪಟ್ಟಿಯಲ್ಲಿ ನನಗೆ ಹೆದರಿಕೆ ಹುಟ್ಟಿಸುವ ಸಾಲು ಇದೇ. ಹೆಸರು ಹೇಳಿದ ವಸ್ತುವಿನ ಅಪಾಯವನ್ನು ತೂಗಬಹುದು, ಪ್ಯಾಕಿಂಗ್ ಬಿಗಿ ಮಾಡಬಹುದು, ಬೇಡವೆನ್ನಬಹುದು. ಹೇಳದೆ ಹೋದದ್ದಕ್ಕೆ ಯಾವ ತಕ್ಕಡಿಯೂ ಇಲ್ಲ. 1996ರ ಮೇ 11ರಂದು ಅಮೆರಿಕದ ಫ್ಲೋರಿಡಾದಲ್ಲಿ ಬಿದ್ದ ವ್ಯಾಲೂಜೆಟ್ ವಿಮಾನದ ಹೊಟ್ಟೆಯಲ್ಲಿ ಅವಧಿ ಮುಗಿದ ಆಮ್ಲಜನಕ ಉತ್ಪಾದಕಗಳಿದ್ದವು. ಕಾಗದದಲ್ಲಿ ಅವು ಖಾಲಿ ಎಂದಿತ್ತು. ಖಾಲಿ ಇರಲಿಲ್ಲ. ಸತ್ತವರು 110 ಜನ. ಸರಕಿಗಾದರೆ ಕಳಿಸುವವರೇ ಘೋಷಣಾ ಪತ್ರಕ್ಕೆ ಸಹಿ ಹಾಕಬೇಕೆಂಬ ಕಟ್ಟುಪಾಡಿದೆ. ಸೂಟ್‌ಕೇಸಿಗೆ ಅಂಥ ಪತ್ರವಿಲ್ಲ, ಕೌಂಟರಿನಲ್ಲಿ ನೀವು ಕೊಡುವ ಉತ್ತರವೇ ಪತ್ರ.

ಅಣ್ಣ ತುಂಬಲಿ, ಬೇಡವೆನ್ನುವುದಿಲ್ಲ. ಜಿಪ್ ಎಳೆಯುವ ಮುಂಚೆ ಒಂದೊಂದನ್ನೂ ನೀವೇ ಕಣ್ಣಾರೆ ನೋಡಿ. ಅಕ್ಷರ ಅಳಿಸಿಹೋದ ಪವರ್ ಬ್ಯಾಂಕ್ ಇದ್ದರೆ ಊರಲ್ಲೇ ಬಿಟ್ಟುಹೋಗಿ.