ಸಣ್ಣ ಡಾಕ್ಟರ ಮಾತು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಬಸುರಿಯರಿಗೆ ಹೆರಿಗೆ ಕಠಿಣವಾದರೆ ಬೆಳಗಾವಿಗೋ ಹುಬ್ಬಳ್ಳಿಗೋ ಒಯ್ಯಿರೆಂದು ಚೀಟಿ ಬರೆದುಕೊಡುತ್ತಾರೆ. ಅಲ್ಲಿನ ಸರಕಾರಿ ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿಯೆಲ್ಲ ಮಂಚದ ಬಳಿ ನಿಂತು ನಾಡಿ ನೋಡುವವರು, ನಮ್ಮ ಹೆಣ್ಣುಮಕ್ಕಳು ‘ಸಣ್ಣ ಡಾಕ್ಟರು’ ಎನ್ನುವ ಹೌಸ್ ಸರ್ಜನ್, ಪಿ.ಜಿ. ಹುಡುಗ ಹುಡುಗಿಯರು. ಬಾಣಂತಿಗೆ ಮೂತ್ರ ಕಡಿಮೆಯಾದದ್ದು, ಸಲಾಯಿನ್ ಏರಿಸಿದ ಮೇಲೆ ಚಳಿನಡುಕ ಬಂದದ್ದು ಮೊದಲು ಕಾಣುವುದು ಅವರ ಕಣ್ಣಿಗೇ. ಕಂಡದ್ದನ್ನು ಅವರು ಯಾರ ಮುಂದೆ ಹೇಳಬೇಕು?

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ತೀರಿಕೊಂಡರು. ಶಂಕೆ ಹೋದದ್ದು ಪಶ್ಚಿಮ ಬಂಗಾಳದ ಕಂಪನಿಯೊಂದರ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. 2025ರ ಜನವರಿಯಲ್ಲಿ ಮಿದನಾಪುರದ ಮೆಡಿಕಲ್ ಕಾಲೇಜಿನಲ್ಲಿ ಬಾಣಂತಿಯೊಬ್ಬಳು ಸತ್ತಾಗಲೂ ಅದೇ ಕಂಪನಿಯ ಹೆಸರು ಬಂತು. ಅಲ್ಲಿನ ಸರಕಾರ 12 ವೈದ್ಯರನ್ನು ಅಮಾನತು ಮಾಡಿತು. ಅವರಲ್ಲಿ ಆರು ಮಂದಿ ಇನ್ನೂ ಕಲಿಯುತ್ತಿದ್ದವರು. ಹಿರಿಯರಿಲ್ಲದ ವೇಳೆ ಅವರೇ ಶಸ್ತ್ರಕ್ರಿಯೆ ಮಾಡಿದರೆಂಬುದು ಆರೋಪ. ಮುಂದಿನ ತಿಂಗಳು ಆ ಕಿರಿಯರ ಅಮಾನತನ್ನು ಹಿಂದಕ್ಕೆ ಪಡೆದರು, ನಿಜ. ಆದರೆ ಇದನ್ನೆಲ್ಲ ಓದಿದ ಹೌಸ್ ಸರ್ಜನ್ ಹುಡುಗಿ ಬಾಯಿ ತೆರೆಯುವ ಮೊದಲು ಎರಡು ಸಲ ಯೋಚಿಸದೆ ಇರುತ್ತಾಳೆಯೇ?

ನಾನು ದೂರುವುದು ಈ ವ್ಯವಸ್ಥೆಯನ್ನು. ಇಂಟರ್ನ್‌ಶಿಪ್ ಮುಗಿಯಿತೆನ್ನಲು ಹಿರಿಯರ ಸಹಿ ಬೇಕು, ಪಿ.ಜಿ. ಪ್ರಬಂಧಕ್ಕೆ ಮಾರ್ಗದರ್ಶಕರ ಒಪ್ಪಿಗೆ ಬೇಕು. ಸಹಿ ಹಾಕುವವರ ಮೇಲೆಯೇ ದೂರು ಹೇಳೆಂದರೆ ಯಾರು ಹೇಳಿಯಾರು? ಹಾಲು ಒಡೆದದ್ದು ಒಲೆಯ ಮುಂದೆ ನಿಂತ ಸೊಸೆಗೆ ತಿಳಿದರೂ ಹಿರಿಯರೆದುರು ಬಾಯಿ ಬಿಡದ ಮನೆಗಳನ್ನು ನಾವೆಲ್ಲ ಬಲ್ಲೆವು. ಅಲ್ಲಿ ಕೆಡುವುದು ಒಂದು ಹೊತ್ತಿನ ಚಹಾ. ಇಲ್ಲಿ ಹೋಗುವುದು ಜೀವ.

ಔಷಧದ ಅಡ್ಡ ಪರಿಣಾಮ ತಿಳಿಸಲು ದೇಶದಲ್ಲಿ 2010ರಿಂದ ಒಂದು ಏರ್ಪಾಡಿದೆ. 1800-180-3024 ಎಂಬ ಉಚಿತ ದೂರವಾಣಿಗೆ ವೈದ್ಯರೂ ನರ್ಸ್‌ಗಳೂ ರೋಗಿಯ ಮನೆಯವರೂ ತಿಳಿಸಬಹುದು. ಆದರೆ ಕರೆದರೂ ಹಿರಿಯರು ಬಾರದಿದ್ದರೆ, ರಕ್ತ ತಡವಾದರೆ ಈ ಸಂಖ್ಯೆ ಕೆಲಸಕ್ಕೆ ಬಾರದು. ತಾಯಿ ಸತ್ತ ಮೇಲೆ ಮರಣದ ಪರಿಶೀಲನೆ ನಡೆಯುತ್ತದೆ. ಹೆಸರು ಹಿಡಿದು ದೂಷಿಸಬಾರದೆಂಬುದು ಅದರ ನಿಯಮ. ತಾಯಿ ಬದುಕಿರುವಾಗಲೇ ಎಚ್ಚರಿಸಿದವರಿಗೆ ಅದೇ ರಕ್ಷಣೆ ಯಾಕಿಲ್ಲ? ಕಿರಿಯರು ಕಂಡದ್ದನ್ನು ಹೊತ್ತು, ಬಾಟಲಿಯ ಬ್ಯಾಚ್ ನಂಬರ್ ಸಹಿತ ಬರೆಯಲು ಪ್ರತಿ ವಾರ್ಡಿನಲ್ಲಿ ಒಂದು ಪುಸ್ತಕವಿರಲಿ. ಹಿರಿಯರು ಅದೇ ದಿನ ಅದರ ಕೆಳಗೆ ಉತ್ತರ ಬರೆಯಲಿ. ಅದನ್ನು ಹೊರಗಿನ ವೈದ್ಯರು ತಪಾಸಿಸಲಿ.

ಬಾಣಂತಿಯ ಜೊತೆ ಹೋಗುವ ನಾವೂ ಒಂದು ರೂಢಿ ಬಿಡಬೇಕು. “ನಿಮಗೇನ್ ತಿಳೀತದ, ದೊಡ್ಡ ಡಾಕ್ಟರನ್ನ ಕರೀರಿ” ಎಂದು ಆ ಹುಡುಗಿಯನ್ನು ಗದರಿಸುವ ಬದಲು, “ಏನ್ ಕಂಡ್ರಿ, ಯಾರಿಗೆ ಹೇಳೀರಿ?” ಎಂದು ಕೇಳೋಣ.