ಅಕ್ಷರದ ಕರಾರು

ಕುಮಾರಪಟ್ಟಣದ ಡಿಟಿಪಿ ಅಂಗಡಿಯಲ್ಲಿ ಮದುವೆ ಪತ್ರಿಕೆ, ರಾಣೆಬೆನ್ನೂರಿನಲ್ಲಿ ಬೀಜದ ಪಾಕೀಟು, ಬ್ಯಾಡಗಿಯಲ್ಲಿ ಮೆಣಸಿನಪುಡಿಯ ಚೀಟಿ. ಎಲ್ಲಕ್ಕೂ ಕನ್ನಡದ ಫಾಂಟ್ ಬೇಕು. ಅದನ್ನು ಯಾವ ಕರಾರಿನ ಮೇಲೆ ಬಳಸುತ್ತಿದ್ದೇವೆ ಎಂದು ಕೇಳುವವರು ಕಡಿಮೆ. ಕೇಳಲೇಬೇಕಾದ ಪ್ರಶ್ನೆ ಅದು.

ಕನ್ನಡ ಫಾಂಟುಗಳ ಸಾಫ್ಟ್‌ವೇರ್ ಆದ ಪುಣೆಯ ಶ್ರೀಲಿಪಿಗೆ ದುಡ್ಡು ಕೊಡಬೇಕಿತ್ತು. ಡಾಂಗಲ್ ಎಂಬ ಪುಟ್ಟ ಬೀಗದ ಸಾಧನ ಸಿಕ್ಕಿಸಿದ ಕಂಪ್ಯೂಟರಿನಲ್ಲಷ್ಟೇ ಅದರ ಕೆಲಸ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ‘ಬರಹ’ ಹಲವು ವರ್ಷ ಉಚಿತವಾಗಿದ್ದು, ಮುಂದಿನ ಆವೃತ್ತಿಗಳಿಗೆ ಬೆಲೆ ಬಂತು. ದುಡಿದವರು ಬೆಲೆ ಕೇಳುವುದು ನ್ಯಾಯವೇ. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ರೂಪಿಸಿದ ‘ನುಡಿ’ ಮಾತ್ರ ಎಲ್ಲರಿಗೂ ಪುಕ್ಕಟೆ. ಕಚೇರಿಗಳಿಗೆ ಕನ್ನಡ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಆದರೂ ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಸಮಾನ ಅಕ್ಷರಸಂಕೇತವಾದ ಯೂನಿಕೋಡ್‌ಗೆ ಮುಂಚಿನ ನುಡಿ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ: ಕನ್ನಡವೇ ಕಾಣದು, ಅರ್ಥವಿಲ್ಲದ ಚಿಹ್ನೆಗಳ ಸಾಲು. ಕಾಸು ಕೊಡದಿದ್ದರೂ ಬರೆದವನು ಅದೇ ಫಾಂಟಿಗೆ ಕಟ್ಟುಬಿದ್ದ.

ಬಳಸುವವನನ್ನು ಕಟ್ಟಿಹಾಕಬಾರದೆಂಬ ದೃಷ್ಟಿಯಿಂದ ನನಗೆ ಹೆಚ್ಚು ಒಪ್ಪಿತವಾಗುವುದು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಎಂಬ ಕರಾರು. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ನಮ್ಮ ಕಡೆಯ ಊರಿನ ಹೆಸರನ್ನೇ ಹೊತ್ತ ‘ಹುಬ್ಬಳ್ಳಿ’ ಫಾಂಟ್, ಎಲ್ಲವೂ ಇದರಡಿ ಬಂದವು. ಮೆಣಸಿನಪುಡಿ ಮಾರುವ ಚೀಟಿಗೂ ಬಳಸಬಹುದು, ತಿದ್ದಬಹುದು, ಹಂಚಬಹುದು, ಸಾಫ್ಟ್‌ವೇರ್ ಜೊತೆಗೆ ಸೇರಿಸಿ ಮಾರಲೂಬಹುದು. ಫಾಂಟೊಂದನ್ನೇ ಬಿಡಿಯಾಗಿ ಮಾರುವಂತಿಲ್ಲ. ತಿದ್ದಿದ್ದನ್ನು ಹಂಚುವುದಾದರೆ ಇದೇ ಕರಾರಿನಡಿ ಹಂಚಬೇಕು. ಮೂಲದವರು ಹೆಸರು ಕಾಯ್ದಿರಿಸಿದ್ದರೆ ಬೇರೆ ಹೆಸರಿಡಬೇಕು. ಮುದ್ರಿಸಿದ ಹಾಳೆಯ ಮೇಲೆ ಇದರ ಯಾವ ಹಿಡಿತವೂ ಇಲ್ಲ. ನಿರ್ಬಂಧ ಬೀಳುವುದು ಫಾಂಟನ್ನೇ ಸರಕು ಮಾಡಹೊರಟವನಿಗೆ, ಅಂಗಡಿಯವನ ಹೊಟ್ಟೆಪಾಡಿಗಲ್ಲ. ಗೆರೆಯನ್ನು ಎಳೆಯಬೇಕಾದ ಜಾಗದಲ್ಲೇ ಎಳೆದಿದ್ದಾರೆ.

ಕೊರತೆ ಬೇರೆಡೆ ಇದೆ. ಕಾಗುಣಿತ, ಒತ್ತಕ್ಷರಗಳೆಲ್ಲ ಒಂದಕ್ಕೊಂದು ಹೊಂದುವಂತೆ ಕನ್ನಡ ಫಾಂಟ್ ರೂಪಿಸುವುದು ದೀರ್ಘ ದುಡಿಮೆ. ಆ ಕೂಲಿ ಯಾರು ಕೊಡಬೇಕೆಂಬುದಕ್ಕೆ ಈ ಕರಾರಿನಲ್ಲಿ ಉತ್ತರವಿಲ್ಲ. ನೋಟೋ ಗೂಗಲ್‌ನ ಯೋಜನೆ; ಹಾಗಾಗಿ ನಮ್ಮ ಲಿಪಿಯ ಸ್ವಾತಂತ್ರ್ಯದ ಒಂದು ಪಾಲು ದೂರದ ಕಂಪನಿಯೊಂದರ ಆಸಕ್ತಿಯ ಮೇಲೆ ನಿಂತಿದೆ. ನನಗದು ಸಮಾಧಾನ ತರುವುದಿಲ್ಲ. ಪಠ್ಯಪುಸ್ತಕ, ಪಹಣಿಗಳನ್ನು ಕನ್ನಡದಲ್ಲಿ ಅಚ್ಚು ಹಾಕುವ ಸರ್ಕಾರವೇ ಅಕ್ಷರ ವಿನ್ಯಾಸಕರಿಗೆ ಪೂರ್ತಿ ಸಂಭಾವನೆ ಕೊಟ್ಟು ಫಾಂಟ್ ಮಾಡಿಸಲಿ. ಈ ಲೈಸೆನ್ಸಿನಡಿಯೇ ಬಿಡುಗಡೆಯಾಗಬೇಕೆಂಬ ಷರತ್ತನ್ನು ಟೆಂಡರಿನಲ್ಲೇ ಬರೆಯಲಿ.