ನಿಯಮಕ್ಕೆ ಹೊಂದುವ ತಪ್ಪು

ಸಂಗ್ರಹಿಸಿಟ್ಟ ಮಾಹಿತಿ ಎಷ್ಟು ಪೂರ್ಣ, ಎಷ್ಟು ಸಕಾಲಿಕ, ಎಷ್ಟರಮಟ್ಟಿಗೆ ಪರಸ್ಪರ ತಾಳೆಯಾಗುವಂಥದ್ದು ಮತ್ತು ಎಷ್ಟು ನಿಜ ಎಂಬ ನಾಲ್ಕು ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ದತ್ತಾಂಶದ ಗುಣಮಟ್ಟ. ಇಂಥ ವಿಷಯಗಳ ಚರ್ಚೆಗೆ ವೇದಿಕೆಗಳ ಕೊರತೆಯಿಲ್ಲ: ದತ್ತಾಂಶ ವಿಜ್ಞಾನ ಮತ್ತು ನಿರ್ವಹಣೆಗೆ ಸಂಬಂಧಿಸಿದ ಜಂಟಿ ಅಂತರರಾಷ್ಟ್ರೀಯ ಸಮ್ಮೇಳನವೊಂದು 2018ರ ಜನವರಿಯಲ್ಲಿ ಗೋವೆಯಲ್ಲಿ ನಡೆದಿತ್ತು. ಬೆಂಗಳೂರಿನ ತಂತ್ರಜ್ಞಾನ ಶೃಂಗಸಭೆಯಂತೂ ವರ್ಷ ವರ್ಷವೂ ಸೇರುತ್ತದೆ. ಉದ್ಯಮದ ಇಂತಹ ವೇದಿಕೆಗಳಲ್ಲಿ ಈಚೆಗೆ ಎದ್ದು ಕಾಣುವ ಒಲವೆಂದರೆ ತಪಾಸಣೆಯನ್ನು ಯಂತ್ರಕ್ಕೆ ಒಪ್ಪಿಸುವುದು, ಮತ್ತು ಒಂದು ಮಾಹಿತಿ ಎಲ್ಲಿ ಹುಟ್ಟಿ ಯಾವ ಹಂತಗಳನ್ನು ದಾಟಿ ಬಂತು ಎಂಬ ಜಾಡನ್ನು, ಅಂದರೆ ಡೇಟಾ ಲಿನಿಯೇಜನ್ನು, ದಾಖಲಿಸುವುದು. ಮೊದಲ ಮೂರು ಪ್ರಶ್ನೆಗಳಿಗೆ ಈ ವಿಧಾನ ಬಹುಮಟ್ಟಿಗೆ ಸಾಕು, ನಾಲ್ಕನೆಯದಕ್ಕೆ ಸಾಲದು.

ಈ ಕೊರತೆಯನ್ನು ಅಳೆಯಲು ಭೂದಾಖಲೆಗಳನ್ನು ಗಣಕಕ್ಕೇರಿಸಿದ ಕರ್ನಾಟಕದ ‘ಭೂಮಿ’ ಯೋಜನೆಗಿಂತ ತಕ್ಕ ಉದಾಹರಣೆ ಸಿಗಲಾರದು. ಈ ಶತಮಾನದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಭೂಮಾಲೀಕರ ವಿವರಗಳು ಗಣಕಕ್ಕೆ ಸೇರಿ, ಕೈಬರಹದ ಪಹಣಿಯ ಮಾನ್ಯತೆ ರದ್ದಾದದ್ದು ಆಡಳಿತದ ದೊಡ್ಡ ಸಾಧನೆ. ಒಂದೇ ಜಮೀನಿಗೆ ಎರಡು ಬಗೆಯ ಪಹಣಿ ಹುಟ್ಟುವ ಅವಕಾಶವನ್ನು ಅದು ಬಹಳಷ್ಟು ಕುಗ್ಗಿಸಿತು. ಆದರೆ ಹಳೆಯ ಪುಸ್ತಕದ ತಪ್ಪುಗಳೂ ಅದರೊಂದಿಗೇ ಗಣಕವನ್ನು ಸೇರಿದವು. ಪಹಣಿಯ 3ನೇ ಕಾಲಮ್ಮಿನ ವಿಸ್ತೀರ್ಣಕ್ಕೂ 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರಿನ ಮುಂದಿರುವ ವಿಸ್ತೀರ್ಣಗಳ ಮೊತ್ತಕ್ಕೂ ತಾಳೆಯಾಗದ ಪ್ರಕರಣಗಳು ರೈತರಿಗೆ ಚಿರಪರಿಚಿತ. ಕೂಡುವ ಲೆಕ್ಕ ಬಲ್ಲ ಯಾವ ತಂತ್ರಾಂಶವಾದರೂ ಈ ವ್ಯತ್ಯಾಸವನ್ನು ಕ್ಷಣದಲ್ಲಿ ತೋರಿಸುತ್ತದೆ; ಎರಡರಲ್ಲಿ ಯಾವುದು ಸರಿ ಎಂಬುದನ್ನು ಹೇಳಲು ಮಾತ್ರ ಭೂಮಾಪನದ ಮೂಲ ದಾಖಲೆಯಾದ ಆಕಾರಬಂದ್ ನೋಡಬೇಕು, ಅಗತ್ಯವಿದ್ದರೆ ಭೂಮಾಪಕನೇ ಹೊಲಕ್ಕಿಳಿಯಬೇಕು.

ಮೃತರ ಹೆಸರಿನಲ್ಲೇ ಉಳಿದ ಖಾತೆಗಳ ಸಮಸ್ಯೆ ಇದಕ್ಕಿಂತ ಆಳವಾದುದು. ಅಲ್ಲಿ ಹೆಸರಿದೆ, ಸರ್ವೆ ನಂಬರಿದೆ, ವಿಸ್ತೀರ್ಣ ತಾಳೆಯಾಗುತ್ತದೆ, ಯಾವ ನಿಯಮವೂ ಮುರಿದಿಲ್ಲ. ಇಲ್ಲದಿರುವುದು ಮಾಲೀಕ ಮಾತ್ರ. ಪಹಣಿಗೆ ಆಧಾರ್ ಜೋಡಣೆಯನ್ನೂ, ಮೃತರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಪೌತಿ ಖಾತೆ ಆಂದೋಲನವನ್ನೂ ಕಂದಾಯ ಇಲಾಖೆ ಕೈಗೊಂಡದ್ದು ಸರಿಯಾದ ಹೆಜ್ಜೆ. ಆದರೂ ಗಣಕೀಕರಣವಾಗಿ ಎರಡು ದಶಕಗಳ ಮೇಲೆ ಅದು ಬೇಕಾಯಿತೆಂಬುದು ದಾಖಲೆಯನ್ನು ಒಮ್ಮೆ ತುಂಬಿಸಿದರೆ ಸಾಕೆಂಬ ನಂಬಿಕೆಯ ಸೋಲು.

ಸಮಸ್ಯೆ ಕರ್ನಾಟಕಕ್ಕಷ್ಟೇ ಸೀಮಿತವಲ್ಲ. ನೆರೆಯ ಗೋವೆಯಲ್ಲಿ ಪಹಣಿಯ ಸ್ಥಾನದಲ್ಲಿರುವುದು 1 ಮತ್ತು 14ನೇ ನಮೂನೆ. ಗೋವೆಯ ಹಕ್ಕುಪತ್ರಗಳ ಬೇರು ಪೋರ್ಚುಗೀಸ್ ಕಾಲದ ದಸ್ತಾವೇಜುಗಳವರೆಗೆ ಹೋಗುತ್ತದೆ. ನಕಲಿ ದಾಖಲೆಗಳಿಂದ ಭೂಮಿ ಕಬಳಿಸಿದ ದೂರುಗಳು ಹೆಚ್ಚಿದಾಗ ಅಲ್ಲಿನ ಸರ್ಕಾರ 2022ರಲ್ಲಿ ವಿಶೇಷ ತನಿಖಾ ತಂಡವನ್ನೂ, ನಿವೃತ್ತ ನ್ಯಾಯಾಧೀಶ ವಿ.ಕೆ. ಜಾಧವ್ ಅವರ ಏಕಸದಸ್ಯ ಆಯೋಗವನ್ನೂ ನೇಮಿಸಬೇಕಾಯಿತು. ಮೂಲದಲ್ಲೇ ಸುಳ್ಳು ಸೇರಿದ್ದರೆ, ಸಮ್ಮೇಳನಗಳು ಕೊಂಡಾಡುವ ಮಾಹಿತಿಯ ಜಾಡು ಆ ಸುಳ್ಳಿಗೇ ಅಚ್ಚುಕಟ್ಟಾದ ವಂಶಾವಳಿಯನ್ನು ಒದಗಿಸಿಕೊಡುತ್ತದೆ.

ಆದ್ದರಿಂದ ಈ ಹೊಸ ಸಾಧನಗಳನ್ನು ತಳ್ಳಿಹಾಕಬೇಕಿಲ್ಲವಾದರೂ, ತಿದ್ದುಪಡಿಯ ಅರ್ಜಿ ಎಷ್ಟು ದಿನದಲ್ಲಿ ಇತ್ಯರ್ಥವಾಗುತ್ತದೆ, ತಪ್ಪಿಗೆ ಹೊಣೆಗಾರರು ಯಾರು ಎಂಬ ಮಾನದಂಡಗಳನ್ನು ಬಿಟ್ಟು ಅವುಗಳ ಯಶಸ್ಸನ್ನು ಘೋಷಿಸುವುದು ಅವಸರದ ಕೆಲಸ. ಮುಂದಿನ ಸಮ್ಮೇಳನಗಳ ಸಂಘಟಕರು ಗ್ರಾಮ ಆಡಳಿತಾಧಿಕಾರಿಯನ್ನೂ ಭೂಮಾಪಕನನ್ನೂ ಪರಿಣತರ ಸಾಲಿನಲ್ಲೇ ಕೂರಿಸಿ, ಅವರ ಮಾತಿಗೆ ಸಮಯ ಕೊಡಬೇಕು.